ಕೆಸರಿನಲ್ಲಿ ಟ್ರ್ಯಾಕ್ಷನ್ ಬಟನ್, ಮಳೆಯಲ್ಲಿ ಕ್ರೂಸ್: ಯಾವುದು ಯಾವಾಗ ಆನ್, ಯಾವಾಗ ಆಫ್?

ಪ್ರಶ್ನೆ: ಕಾರಟಗಿ ಹತ್ತಿರದ ಹಳ್ಳಿ ನಮ್ಮದು. ಈ ವರ್ಷ ಕಾಂಪ್ಯಾಕ್ಟ್ ಎಸ್‌ಯುವಿ ಕೊಂಡಿದ್ದೇವೆ. ಪೆಟ್ರೋಲ್ ಗಾಡಿ, ಮ್ಯಾನ್ಯುಯಲ್ ಗೇರ್, ಮುಂದಿನ ಗಾಲಿ ಎಳೆಯುವಂಥದ್ದು. ಮೊನ್ನೆ ಮಳೆಯಾದ ಮೇಲೆ ಕಾಲುವೆ ದಂಡೆಯ ಎರೆಮಣ್ಣಿನ ದಾರಿಯಲ್ಲಿ ಹೂತುಕೊಂಡಿತು. ಎಕ್ಸಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಮೇಲೇಳಲಿಲ್ಲ. ಮೀಟರಿನಲ್ಲಿ ಜಾರುವ ಕಾರಿನ ಚಿತ್ರದ ದೀಪ ಮಿಣುಕುತ್ತಿತ್ತು. ಟ್ರ್ಯಾಕ್ಟರ್ ತಂದ ಹುಡುಗ ಒಂದು ಬಟನ್ ಒತ್ತಿಸಿದ, ಗಾಡಿ ಎದ್ದಿತು. ‘ಇದನ್ನ ಯಾವಾಗ್ಲೂ ಆಫ್ ಇಡ್ರಿ, ನಮ್ಮ ಕಡೆ ರಸ್ತೆಗೆ ಇದು ಬರಂಗಿಲ್ಲ’ ಅಂದ. ಇನ್ನೊಂದು ಮಾತು: ಬೆಂಗಳೂರಿಗೆ ಆಗಾಗ ಹೋಗುತ್ತೇವೆ. ಮಳೆಯಲ್ಲಿ ಕ್ರೂಸ್ (ಎಕ್ಸಲರೇಟರ್ ಒತ್ತದೆಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್) ಹಾಕಿದರೆ ಗಾಡಿ ತಾನೇ ವೇಗ ಏರಿಸಿಕೊಂಡು ಹಾರಿಬೀಳುತ್ತದೆ ಎಂಬ ವಾಟ್ಸ್‌ಆ್ಯಪ್ ಮೆಸೇಜ್ ನೋಡಿದ ಮೇಲೆ ಮನೆಯಲ್ಲಿ ಅದನ್ನು ಮುಟ್ಟಲು ಬಿಡುತ್ತಿಲ್ಲ. ನಿಜವೇ? ಇವನ್ನೆಲ್ಲ ಎಲ್ಲಿ, ಹೇಗೆ ಬಳಸಬೇಕು?

ಉತ್ತರ: ಟ್ರ್ಯಾಕ್ಟರ್ ಹುಡುಗ ಆ ಹೊತ್ತಿಗೆ ಮಾಡಿಸಿದ್ದು ಸರಿ, ಹೋಗುವಾಗ ಹೇಳಿದ ಮಾತು ತಪ್ಪು. ರಾಡಿಯಿಂದ ಎದ್ದು ಗಟ್ಟಿ ದಾರಿಗೆ ಬಂದ ಕೂಡಲೇ ಆ ಬಟನ್ ಮತ್ತೆ ಒತ್ತಿ ಟ್ರ್ಯಾಕ್ಷನ್ ಆನ್ ಮಾಡಬೇಕು. ಕ್ರೂಸ್ ವಿಷಯ ಇದಕ್ಕೆ ಪೂರಾ ಉಲ್ಟಾ. ಟ್ರ್ಯಾಕ್ಷನ್ ಕಂಟ್ರೋಲ್ (ಗಾಲಿ ಜಾರಿ ಸುಮ್ಮನೆ ಸುತ್ತದಂತೆ ನೋಡುವುದು) ಮತ್ತು ಸ್ಟೆಬಿಲಿಟಿ ಕಂಟ್ರೋಲ್ (ಗಾಡಿಯೇ ಅಡ್ಡಡ್ಡ ಜಾರದಂತೆ ನೋಡುವುದು) ಗಾಡಿಯನ್ನು ತಡೆಯುವ ವ್ಯವಸ್ಥೆಗಳು: ಎಂಜಿನ್ ಬಲ ತಗ್ಗಿಸುತ್ತವೆ, ಬೇಕಾದ ಗಾಲಿಗೆ ಬ್ರೇಕ್ ಹಾಕುತ್ತವೆ. ಕ್ರೂಸ್ ಗಾಡಿಯನ್ನು ದೂಡುವ ವ್ಯವಸ್ಥೆ. ತಡೆಯುವುದು ಸದಾ ಆನ್ ಇರಲಿ, ಆಫ್ ಮಾಡಲು ಕಾರಣ ಬೇಕು. ದೂಡುವುದು ಸದಾ ಆಫ್ ಇರಲಿ, ಆನ್ ಮಾಡಲು ಕಾರಣ ಬೇಕು.

ನಿಮ್ಮ ಕಾಲುವೆ ದಂಡೆಯಲ್ಲಿ ಆದದ್ದೇನು ಎಂಬುದನ್ನು ಮೊದಲು ನೋಡೋಣ. ನಾಲ್ಕೂ ಗಾಲಿಗಳ ಹಬ್ಬಿನ ಬಳಿ ಒಂದೊಂದು ವೀಲ್ ಸ್ಪೀಡ್ ಸೆನ್ಸರ್ ಇರುತ್ತದೆ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಕೆಲಸ ಮಾಡುವುದೂ ಇವುಗಳ ಲೆಕ್ಕದ ಮೇಲೆಯೇ. ಎಳೆಯುವ ಗಾಲಿ ಉಳಿದವಕ್ಕಿಂತ ಜೋರಾಗಿ ಸುತ್ತಿತೆಂದರೆ ಅದು ಜಾರುತ್ತಿದೆ ಎಂದರ್ಥ. ಆಗ ಕಂಪ್ಯೂಟರ್ ಜಾರುವ ಗಾಲಿಗಷ್ಟೇ ಬ್ರೇಕ್ ಒತ್ತುತ್ತದೆ, ಸಾಲದಿದ್ದರೆ ಎಂಜಿನ್ನಿನ ಬಲವನ್ನೂ ಇಳಿಸುತ್ತದೆ. ನೀವು ಪೆಡಲ್ ತಳಕ್ಕೆ ಒತ್ತಿದರೂ ಎಂಜಿನ್ನಿನ ಸುತ್ತು, ಅಂದರೆ ಆರ್‌ಪಿಎಂ ಏರದಿದ್ದುದು ಈ ಎರಡನೆಯ ಕೆಲಸದಿಂದ. ಗಾಡಿ ಕೆಟ್ಟಿರಲಿಲ್ಲ.

ಈ ಮೊದಲನೆಯ ಕೆಲಸವಿದೆಯಲ್ಲ, ಜಾರುವ ಗಾಲಿಗೆ ಬ್ರೇಕ್ ಹಾಕುವುದು, ಅದು ಕೆಸರಿನಲ್ಲೂ ನಿಮ್ಮ ಪರವಾಗಿ ದುಡಿಯಬಲ್ಲದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎಡಬಲ ಗಾಲಿಗಳಿಗೆ ಬಲವನ್ನು ಸಮವಾಗಿ ಹಂಚುತ್ತದೆ. ಎಡಗಾಲಿ ರಾಡಿಯಲ್ಲಿ ಸುಮ್ಮನೆ ಗಿರಗಿರ ತಿರುಗುತ್ತಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಅಲ್ಪ. ಗಟ್ಟಿ ಮೊರಂ ಮೇಲಿರುವ ಬಲಗಾಲಿಗೂ ಅಷ್ಟೇ ಅಲ್ಪ ಬಲ ಸಿಗುತ್ತದೆ, ಗಾಡಿ ಕದಲುವುದಿಲ್ಲ. ತಿರುಗುವ ಗಾಲಿಗೆ ಬ್ರೇಕ್ ಬಿದ್ದಾಗ ಆ ತಡೆಯ ವಿರುದ್ಧ ಎಷ್ಟು ಬಲ ಹಾಕಬೇಕೋ ಅಷ್ಟು ಬಲ ಗಟ್ಟಿ ನೆಲದ ಗಾಲಿಗೂ ಹೋಗುತ್ತದೆ. ಹಾಗಾಗಿ ಒಂದು ಗಾಲಿ ಮಾತ್ರ ಹೂತಿದ್ದರೆ ಬಟನ್ ಮುಟ್ಟಬೇಡಿ. ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಎಕ್ಸಲರೇಟರ್ ಮೂರನೇ ಒಂದು ಭಾಗದಷ್ಟು ಒತ್ತಿ ಮೂರ್ನಾಲ್ಕು ಸೆಕೆಂಡು ಅಲುಗಿಸದೆ ಹಿಡಿಯಿರಿ. ಬಾನೆಟ್ ಕಡೆಯಿಂದ ಗರಗರ, ಕಟಕಟ ಸದ್ದು ಬರುತ್ತದೆ. ಬ್ರೇಕ್ ಒತ್ತುವ ಹೈಡ್ರಾಲಿಕ್ ಯೂನಿಟ್ಟಿನ ಸದ್ದು ಅದು. ಏನೋ ಮುರಿಯಿತೆಂದು ಹೆದರಿ ಕಾಲು ತೆಗೆದರೆ ವ್ಯವಸ್ಥೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಎಳೆಯುವ ಎರಡೂ ಗಾಲಿಗಳು ಎರೆಮಣ್ಣಿನಲ್ಲಿದ್ದಾಗ ಕತೆ ಬೇರೆ. ಮಸಾರಿ ಭೂಮಿಯ ಕೆಸರು ಟೈರಿನಿಂದ ಉದುರಿಬೀಳುತ್ತದೆ. ಎರೆ ಹಾಗಲ್ಲ, ನೀರು ಕುಡಿದು ಉಬ್ಬುವ ಜೇಡಿ ಅದು. ಟೈರಿನ ಹಲ್ಲುಗಳ ಸಂದಿಯೆಲ್ಲ ತುಂಬಿ ಹೊಸ ಟೈರನ್ನೂ ಬೋಳು ಟೈರು ಮಾಡಿಬಿಡುತ್ತದೆ. ಗಾಲಿ ಸ್ವಲ್ಪ ಜೋರಾಗಿ ಸುತ್ತಿದರೆ ಮಾತ್ರ ಆ ಮಣ್ಣು ಸಿಡಿದು ಹಲ್ಲು ಬಯಲಾಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಸುತ್ತಲು ಬಿಡದ್ದು ಇಲ್ಲಿ ತೊಡಕು. ಇಂಥ ಕಡೆ ಆಫ್ ಮಾಡಬಹುದು, ಆದರೆ ಕ್ರಮ ಹೀಗಿರಲಿ. ಸ್ಟೀರಿಂಗ್ ನೇರ ಮಾಡಿ. ತಿರುಗಿದ ಗಾಲಿ ತನ್ನ ಮುಂದೆ ತಾನೇ ಮಣ್ಣಿನ ಗೋಡೆ ಕಟ್ಟಿಕೊಳ್ಳುತ್ತದೆ. ಗಾಲಿಯ ಹಿಂದುಮುಂದಿನ ಮಣ್ಣನ್ನು ಸಲಿಕೆಯಿಂದ ಒಂದೆರಡು ಅಡಿ ಇಳಿಜಾರಾಗಿ ಕೆರೆದು, ಗೋಣಿಚೀಲ ಇಲ್ಲವೇ ಗೊರಚು ಕಲ್ಲು ಹಾಕಿ. ನಂತರ ಬಟನ್ ಒತ್ತಿ. ‘ಆಫ್’ ಎಂದು ಬರೆದ ದೀಪ ಬಂತೇ ನೋಡಿ. ಎರಡನೇ ಗೇರಿನಲ್ಲಿ ಮೆಲ್ಲಗೆ ಹೊರಡಲು ನೋಡಿ, ಆಗದಿದ್ದರೆ ಮೊದಲನೇ ಗೇರ್, ರಿವರ್ಸ್ ಎಂದು ಹಿಂದೆಮುಂದೆ ತೂಗಿ. ಬಂದ ದಾರಿಯಲ್ಲೇ ಹಿಂದಕ್ಕೆ ಬರುವುದು ಸಾಮಾನ್ಯವಾಗಿ ಸುಲಭ, ಅಲ್ಲಿ ಮಣ್ಣು ಆಗಲೇ ಅದುಮಿಕೊಂಡಿರುತ್ತದೆ. ನಾಲ್ಕೈದು ಸಲ ತೂಗಿದರೂ ಗಾಡಿ ಅಂಗುಲವೂ ಸರಿಯದೆ ಗಾಲಿ ಮಾತ್ರ ಇಳಿಯುತ್ತಿದ್ದರೆ ನಿಲ್ಲಿಸಿ. ಗಾಡಿಯ ಹೊಟ್ಟೆ ನೆಲಕ್ಕೆ ತಾಕಿದ ಮೇಲೆ ಯಾವ ಬಟನ್ನೂ ಎತ್ತಲಾರದು. ಕ್ಲಚ್ ಸುಟ್ಟ ವಾಸನೆ ಬಂದರಂತೂ ಎಂಜಿನ್ ಆಫ್ ಮಾಡಿ ಹದಿನೈದು ನಿಮಿಷ ಬಿಡಿ. ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿನ ಗಾಡಿಗಳಲ್ಲಿ ವಾಸನೆಗೂ ಮೊದಲು ‘ಟ್ರಾನ್ಸ್‌ಮಿಷನ್ ಬಿಸಿಯಾಗಿದೆ’ ಎಂಬ ಸೂಚನೆ ಬರುತ್ತದೆ, ಅದನ್ನು ಉದಾಸೀನ ಮಾಡಿದರೆ ಬಿಲ್ ದೊಡ್ಡದು. ಗಾಲಿ ಸುತ್ತುವಾಗ ಹಿಂದೆ ನಿಂತು ನೂಕುವವರಿಗೆ ಕಲ್ಲು ಸಿಡಿಯುತ್ತದೆ, ಬದಿಗೆ ನಿಲ್ಲಿಸಿ.

ಟ್ರ್ಯಾಕ್ಟರಿನಿಂದ ಎಳೆಸುವುದಾದರೆ ಹಗ್ಗವನ್ನು ಬಂಪರಿಗೋ ಕೆಳಗಿನ ಸಸ್ಪೆನ್ಷನ್ ಆರ್ಮಿಗೋ ಕಟ್ಟಲು ಬಿಡಬೇಡಿ. ಆರ್ಮ್ ಸೊಟ್ಟಗಾದರೆ ಅಲೈನ್‌ಮೆಂಟ್ ಹೋಗುತ್ತದೆ, ಅದರ ಹಿಂದೆಯೇ ಸ್ಟೆಬಿಲಿಟಿ ಕಂಟ್ರೋಲಿನ ಲೆಕ್ಕವೂ ತಪ್ಪುತ್ತದೆ. ಜಾಕ್ ಜೊತೆಗಿನ ಟೂಲ್ ಕಿಟ್ಟಿನಲ್ಲಿ ಒಂದು ಕಬ್ಬಿಣದ ಕೊಂಡಿ ಇರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೊನೆಯವರೆಗೆ ಬಿಗಿಯಬೇಕು. ಹಲವು ಕಾರುಗಳಲ್ಲಿ ಅದರ ತ್ರೆಡ್ ಎಡಮುಖ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಟ್ರ್ಯಾಕ್ಟರ್ ಮೊದಲು ಹಗ್ಗ ಬಿಗಿ ಮಾಡಿಕೊಂಡು, ಜಗ್ಗದೆ ನಿಧಾನ ಎಳೆಯಲಿ.

ಎದ್ದ ಮೇಲೆ ಎರಡು ಕೆಲಸ ಉಳಿದಿವೆ. ಬಟನ್ ಒತ್ತಿ ‘ಆಫ್’ ದೀಪ ಆರಿಸುವುದು ಒಂದು. ಬಹುತೇಕ ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ತಾನೇ ಆನ್ ಆಗುತ್ತದೆ, ಕೆಲವದರಲ್ಲಿ ಇಂತಿಷ್ಟು ವೇಗ ದಾಟಿದರೂ ಆನ್ ಆಗುತ್ತದೆ. ಆದರೂ ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಎರಡನೆಯದು, ರಿಮ್ಮಿನ ಒಳಬದಿಗೆ ಮೆತ್ತಿದ ಎರೆಮಣ್ಣನ್ನು ಒಣಗುವ ಮೊದಲೇ ನೀರು ಬಿಟ್ಟು ತೆಗೆಯುವುದು. ಒಣಗಿದ ಮೇಲೆ ಅದು ಗಾಲಿಯ ಬ್ಯಾಲೆನ್ಸ್ ಕೆಡಿಸಿ ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ನಡುಗಿಸುತ್ತದೆ. ವೀಲ್ ಸ್ಪೀಡ್ ಸೆನ್ಸರಿನ ವೈರ್ ಹಾದುಹೋಗುವುದೂ ಅಲ್ಲೇ.

ಆ ಬಟನ್ನಿನಲ್ಲೇ ಇನ್ನೊಂದು ಸೂಕ್ಷ್ಮವಿದೆ. ಅನೇಕ ಕಾರುಗಳಲ್ಲಿ ಒಂದು ಸಲ ಒತ್ತಿ ಬಿಟ್ಟರೆ ಟ್ರ್ಯಾಕ್ಷನ್ ಮಾತ್ರ ಆಫ್. ಕೆಲವು ಸೆಕೆಂಡು ಒತ್ತಿ ಹಿಡಿದರೆ ಸ್ಟೆಬಿಲಿಟಿಯೂ ಆಫ್. ಕೆಸರಿಗೆ ಬೇಕಾದ್ದು ಮೊದಲನೆಯದು ಅಷ್ಟೇ. ನಿಮ್ಮ ಗಾಡಿಯ ಕ್ರಮ ಯಾವುದು ಎಂದು ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಓದಿಕೊಳ್ಳಿ, ಯಾಕೆಂದರೆ ಜೀವ ಉಳಿಸುವ ಭಾಗ ಸ್ಟೆಬಿಲಿಟಿ.

ಸ್ಟೆಬಿಲಿಟಿ ಕಂಟ್ರೋಲಿಗೆ ಕಂಪನಿಗೊಂದು ಹೆಸರು: ಮಾರುತಿ, ಟಾಟಾ, ಮಹೀಂದ್ರದವರು ಇಎಸ್‌ಪಿ ಎನ್ನುತ್ತಾರೆ, ಹುಂಡೈನವರು ಇಎಸ್‌ಸಿ, ಟೊಯೊಟಾ ವಿಎಸ್‌ಸಿ, ಹೋಂಡಾ ವಿಎಸ್‌ಎ. ಕೆಲಸ ಒಂದೇ. 1995ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಮೊದಲು ಕೊಟ್ಟದ್ದು ಈಗ ಸಣ್ಣ ಗಾಡಿಗಳಿಗೂ ಬಂದಿದೆ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಒಂದು ಸೆನ್ಸರ್ ಹೇಳುತ್ತದೆ, ಅದು ನಿಮ್ಮ ಇಚ್ಛೆ. ಗಾಡಿ ತನ್ನ ನಡುವಿನ ಸುತ್ತ ಎಷ್ಟು ಬೇಗ ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ತಳ್ಳಿಸಿಕೊಳ್ಳುತ್ತಿದೆ ಎಂದು ಇನ್ನೆರಡು ಹೇಳುತ್ತವೆ, ಅದು ವಾಸ್ತವ. ಎರಡೂ ತಾಳೆಯಾಗುತ್ತಿವೆಯೇ ಎಂದು ಸೆಕೆಂಡಿಗೆ ಸುಮಾರು 25 ಸಲ ನೋಡಲಾಗುತ್ತದೆ. ತಿರುಗಿಸಿದರೂ ಮೂತಿ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಗಾಲಿಗೆ ಬ್ರೇಕ್. ಹಿಂಭಾಗ ಹೊರಕ್ಕೆ ಜಾರುತ್ತಿದ್ದರೆ ಹೊರಬದಿಯ ಮುಂದಿನ ಗಾಲಿಗೆ ಬ್ರೇಕ್. ನಾಲ್ಕು ಗಾಲಿಗೆ ಬೇರೆ ಬೇರೆ ಬ್ರೇಕ್ ಹಾಕುವುದು ಎಂಥ ಚಾಲಕನಿಗೂ ಆಗದ ಕೆಲಸ. ಪೆಡಲ್ ಇರುವುದೇ ಒಂದು.

ನಮ್ಮ ಕಡೆ ಇದು ಎಲ್ಲಿ ಕೆಲಸಕ್ಕೆ ಬರುತ್ತದೆ? ಸಿಂಧನೂರು–ಸಿರುಗುಪ್ಪ–ಬಳ್ಳಾರಿಯ 150ಎ ಹೆದ್ದಾರಿಯಲ್ಲಿ ಎದುರು ಲಾರಿ ಬಂತೆಂದು ಎಡಕ್ಕೆ ಸರಿಯುತ್ತೀರಿ, ಎಡಗಾಲಿಗಳೆರಡೂ ಡಾಂಬರಿನ ಅಂಚು ಬಿಟ್ಟು ಮಣ್ಣಿಗೆ ಇಳಿಯುತ್ತವೆ. ಗಾಬರಿಯಲ್ಲಿ ಬಲಕ್ಕೆ ಜಗ್ಗಿದರೆ ಟೈರು ಅಂಚಿಗೆ ಉಜ್ಜಿ ತಡವರಿಸಿ, ಒಮ್ಮೆಲೇ ಮೇಲೆ ಹತ್ತಿ, ಗಾಡಿ ಎದುರಿನ ಲೇನಿಗೆ ನುಗ್ಗುತ್ತದೆ. ಅಲ್ಲಿಂದ ಮತ್ತೆ ಎಡಕ್ಕೆ ಜಗ್ಗಿದಾಗ ಮಗುಚುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ ಈ ಎರಡನೇ ಜಗ್ಗಾಟವನ್ನು ಬಹಳ ಮಟ್ಟಿಗೆ ಪಳಗಿಸುತ್ತದೆ. ಎತ್ತರದ ಗಾಡಿಗಳಿಗೆ ಇದರಿಂದ ಲಾಭ ಹೆಚ್ಚು. ಒಂಟಿ ಗಾಡಿಯ ಮಾರಣಾಂತಿಕ ಅಪಘಾತಗಳ ಅಪಾಯವನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ನಿಮ್ಮ ಪಾಲಿನ ಕೆಲಸವೂ ಇದೆ: ಅಂಚು ಇಳಿದರೆ ಸ್ಟೀರಿಂಗ್ ನೇರ ಹಿಡಿದು, ಎಕ್ಸಲರೇಟರ್ ಬಿಟ್ಟು, ವೇಗ 30–40ಕ್ಕೆ ಇಳಿದ ಮೇಲೆ ಕನ್ನಡಿ ನೋಡಿಕೊಂಡು ಅಂಚು ಕಡಿಮೆ ಇರುವಲ್ಲಿ ಮೇಲೆ ಬನ್ನಿ. ಗಾಡಿ ಜಾರುತ್ತಿದ್ದರೆ ಹೋಗಬೇಕಾದ ಕಡೆಗೆ ನೋಡಿ, ಆ ಕಡೆಗೇ ತಿರುಗಿಸಿ. ಇಎಸ್‌ಸಿ ನಂಬುವುದು ನಿಮ್ಮ ಸ್ಟೀರಿಂಗನ್ನು. ಗುದ್ದಲಿರುವ ಮರದ ಕಡೆ ನೀವೇ ತಿರುಗಿಸಿದರೆ ಅದು ಶಿಸ್ತಾಗಿ ಮರದ ಕಡೆಗೇ ಒಯ್ಯುತ್ತದೆ. ಬ್ರೇಕ್ ಬೇಕಾದರೆ ಒಂದೇ ಸಮ ಗಟ್ಟಿಯಾಗಿ ಒತ್ತಿ. ಪೆಡಲ್ ಕಾಲಿಗೆ ಡಬಡಬ ಬಡಿದರೆ ಎಬಿಎಸ್ ದುಡಿಯುತ್ತಿದೆ. ಹಳೆಯ ಅಂಬಾಸಿಡರಿನಲ್ಲಿ ಮಾಡುತ್ತಿದ್ದಂತೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಬೇಡಿ. ಈ ಬಡಿತ ಹೇಗಿರುತ್ತದೆಂದು ಖಾಲಿ ಬಯಲಿನಲ್ಲಿ 40ರ ವೇಗದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಇವ್ಯಾವುವೂ ನೆಲದ ಹಿಡಿತವನ್ನು ಹುಟ್ಟಿಸಲಾರವು; ಇದ್ದ ಹಿಡಿತವನ್ನು ಜಾಣತನದಿಂದ ಹಂಚುತ್ತವೆ ಅಷ್ಟೇ. ಲೆಕ್ಕ ನೋಡಿ. 100 ಮೀಟರ್ ತ್ರಿಜ್ಯದ ತಿರುವನ್ನು 60 ಕಿ.ಮೀ. ವೇಗದಲ್ಲಿ ಹಾಯಲು ಗಾಡಿಯ ತೂಕದ ಸುಮಾರು 0.28ರಷ್ಟು ಪಕ್ಕದ ಹಿಡಿತ ಬೇಕು, 80ರಲ್ಲಿ 0.5. ವೇಗ ಏರಿದ್ದು ಮೂರನೇ ಒಂದು ಪಾಲು, ಬೇಕಾದ ಹಿಡಿತ ಏರಿದ್ದು ಒಂದೂಮುಕ್ಕಾಲು ಪಟ್ಟು. ಒಣ ಡಾಂಬರು ಒಳ್ಳೆಯ ಟೈರಿಗೆ 0.7–0.8 ಕೊಡುತ್ತದೆ. ಒದ್ದೆಯಾದರೆ 0.5ರ ಆಸುಪಾಸು. ಅದರ ಮೇಲೆ ಜೇಡಿಯ ತೆಳು ಪದರವಿದ್ದರೆ 0.3 ಅಥವಾ ಇನ್ನೂ ಕಡಿಮೆ. ನಾಟಿ ಕಾಲದಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ಗದ್ದೆಯಿಂದ ಬರುವ ಟ್ರ್ಯಾಕ್ಟರುಗಳು ರಸ್ತೆಗೆ ಬಳಿದು ಹೋಗುವುದು ಇದೇ ಪದರವನ್ನು. ಒಣಗಿದಾಗ ಧೂಳು, ನಾಲ್ಕು ಹನಿ ಬಿದ್ದರೆ ಸಾಬೂನು. ಸಂಡೂರು–ತೋರಣಗಲ್ಲು ಕಡೆಯ ಕೆಂಪು ಅದಿರಿನ ಪುಡಿ, ಶಕ್ತಿನಗರದ ಕಡೆಯ ಬೂದಿ ಧೂಳು ಕೂಡ ಮೊದಲ ಮಳೆಗೆ ಹೀಗೇ ಆಗುತ್ತವೆ. ಅರ್ಧ ತಾಸು ಜೋರು ಮಳೆ ಹೊಡೆದು ರಸ್ತೆ ತೊಳೆದ ಮೇಲಿನದಕ್ಕಿಂತ ಮೊದಲ ಹತ್ತು ನಿಮಿಷ ಹೆಚ್ಚು ಅಪಾಯ. 80ರ ವೇಗದಲ್ಲಿ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 33 ಮೀಟರ್ ದಾಟುತ್ತೀರಿ. ಒಣ ರಸ್ತೆಯಲ್ಲಿ ಒಟ್ಟು ಸುಮಾರು 70 ಮೀಟರಿಗೆ ನಿಲ್ಲುವ ಗಾಡಿ ಆ ಜೇಡಿಯ ಮೇಲೆ 115 ಮೀಟರ್ ದಾಟಿದರೂ ಆಶ್ಚರ್ಯವಿಲ್ಲ. ಎಬಿಎಸ್, ಇಎಸ್‌ಸಿ ಎಲ್ಲ ಆನ್ ಇದ್ದೇ ಈ ಲೆಕ್ಕ.

ಸುಗ್ಗಿಯಲ್ಲಿ ರಸ್ತೆ ಮೇಲೆ ರಾಶಿ ಮಾಡುವುದು ಇನ್ನೊಂದು ಪೀಡೆ. ಸಜ್ಜೆ ತೆನೆ, ತೊಗರಿ ಕಟ್ಟಿಗೆ, ಒಣಹಾಕಿದ ನೆಲ್ಲು, ಇವುಗಳ ಮೇಲೆ ಟೈರು ಕಾಳಿನ ಮೇಲೆ ಉರುಳುತ್ತದೆ, ಎಬಿಎಸ್ ಇದ್ದರೂ ನಿಲ್ಲುವ ದೂರ ಹೆಚ್ಚುತ್ತದೆ. ಹುಲ್ಲು ಆ್ಯಕ್ಸಲ್‌ಗೆ ಸುತ್ತಿಕೊಂಡರೆ ಸೆನ್ಸರ್ ವೈರ್ ಕಿತ್ತುಬರಬಹುದು; ಕಾದ ಸೈಲೆನ್ಸರಿಗೆ ತಾಗಿ ಬೆಂಕಿಯೂ ಹತ್ತಬಹುದು. ಅಂಥದ್ದನ್ನು ದಾಟಲೇಬೇಕಾಗಿ ಬಂದರೆ ಸ್ವಲ್ಪ ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ.

ಇನ್ನು ಕ್ರೂಸ್. ನಿಮಗೆ ಬಂದ ಮೆಸೇಜ್ ಅರ್ಧ ಸತ್ಯ. ನೀರಿನ ಮೇಲೆ ತೇಲುವ ಟೈರಿಗೆ ಹಿಡಿತವೇ ಇಲ್ಲ. ಹಿಡಿತವಿಲ್ಲದ ಗಾಲಿ ಗಾಡಿಯನ್ನು ಮುಂದಕ್ಕೆ ಚಿಮ್ಮಿಸುವುದು ಸಾಧ್ಯವಿಲ್ಲ. ಹಾರುವ ಕತೆ ಬಿಡಿ. ನಿಜವಾದ ತೊಂದರೆ ಬೇರೆ. ನಿಂತ ನೀರಿಗೆ ನುಗ್ಗಿದಾಗ ನೀರಿನ ತಡೆಗೆ ವೇಗ ಇಳಿಯುತ್ತದೆ. ಕ್ರೂಸಿಗೆ ನೀರು ಗೊತ್ತಿಲ್ಲ, ವೇಗ ಇಳಿಯಿತು ಎಂಬುದಷ್ಟೇ ಗೊತ್ತು. ಅದು ಥ್ರಾಟಲ್ ತೆರೆಯುತ್ತದೆ, ಅಂದರೆ ಎಂಜಿನ್ನಿನ ಬಲ ಏರಿಸುತ್ತದೆ. ಅದೇ ಜಾಗದಲ್ಲಿ ನಿಮ್ಮ ಕಾಲಿದ್ದರೆ ಎಕ್ಸಲರೇಟರ್ ಬಿಡುತ್ತಿತ್ತು. ಗಾಲಿ ಜಾರಿದ ಮೇಲೆ ಟ್ರ್ಯಾಕ್ಷನ್ ಕಂಟ್ರೋಲ್ ಎದ್ದು ಎಂಜಿನ್ ಬಲ ಇಳಿಸುತ್ತದೆ, ಹಲವು ಗಾಡಿಗಳಲ್ಲಿ ಕ್ರೂಸ್ ಕೂಡ ರದ್ದಾಗುತ್ತದೆ. ಆದರೆ ಮೊದಲು ಜಾರುವುದು, ಆಮೇಲೆ ರದ್ದಾಗುವುದು. ನಡುವೆ ಚಾಲಕ ಏನು ಮಾಡುತ್ತಾನೆ? ಕ್ರೂಸ್ ಬಿಡಿಸಲು ರೂಢಿಯಂತೆ ಬ್ರೇಕ್ ಒತ್ತುತ್ತಾನೆ. ಟೈರು ನೀರಿನ ಮೇಲೆ ತೇಲುವಾಗ ಮಾಡಬಾರದ ಕೆಲಸ ಅದೇ. ಈ ಕಾರಣಕ್ಕೆ ರಸ್ತೆ ಒದ್ದೆ ಕಂಡ ಕೂಡಲೇ, ವೈಪರ್ ಹಾಕುವ ಹೊತ್ತಿಗೇ, ಕ್ರೂಸ್ ಕ್ಯಾನ್ಸಲ್ ಮಾಡಿ. ಮಾಡುವುದು ಸ್ಟೀರಿಂಗ್ ಮೇಲಿನ ‘ಕ್ಯಾನ್ಸಲ್’ ಬಟನ್ನಿನಿಂದ. ಹೆಬ್ಬೆರಳು ನೋಡದೆಯೇ ಅದನ್ನು ಹುಡುಕುವಷ್ಟು ರೂಢಿಯಾಗಲಿ. ಅದನ್ನು ಒತ್ತುವ ಮೊದಲು ಕಾಲನ್ನು ಎಕ್ಸಲರೇಟರಿಗೆ ಹಗುರವಾಗಿ ತಾಗಿಸಿರಿ, ಎಂಜಿನ್ ಒಮ್ಮೆಲೇ ಹಿಡಿದೆಳೆಯುವುದು ತಪ್ಪುತ್ತದೆ.

ತೇಲಿಯೇಬಿಟ್ಟರೆ ಸ್ಟೀರಿಂಗ್ ಹಗುರಾಗುತ್ತದೆ, ಎಂಜಿನ್ ಸದ್ದು ಏರಬಹುದು. ಸ್ಟೀರಿಂಗ್ ನೇರ ಹಿಡಿದು, ಎಕ್ಸಲರೇಟರ್ ಮೆಲ್ಲಗೆ ಬಿಟ್ಟು, ಟೈರು ನೆಲ ಮುಟ್ಟುವವರೆಗೆ ಒಂದೆರಡು ಸೆಕೆಂಡು ಕಾಯಿರಿ. ಯಾವ ವೇಗದಲ್ಲಿ ತೇಲುತ್ತದೆ ಎಂಬುದಕ್ಕೆ ನಾಸಾದವರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಕೊಟ್ಟ ಸೂತ್ರವೊಂದಿದೆ: ನೀರು ಟೈರಿನ ಹಲ್ಲಿಗಿಂತ ಆಳವಿದ್ದಾಗ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. 33 ಪಿಎಸ್‌ಐಗೆ ಸುಮಾರು 95 ಕಿ.ಮೀ., 25ಕ್ಕೆ ಇಳಿದರೆ 83. ಅಗಲದ, ಸವೆದ ಕಾರಿನ ಟೈರು ಇದಕ್ಕಿಂತ ಮೊದಲೇ ತೇಲಬಹುದು. ಬೇಸಿಗೆಯಲ್ಲಿ ‘ಬಿಸಿಲು ಬಹಳ, ಟೈರು ಒಡೆದೀತು’ ಎಂದು ನಾಲ್ಕೈದು ಪಾಯಿಂಟ್ ಗಾಳಿ ಕಡಿಮೆ ಹಿಡಿಸುವ ರೂಢಿ ರಾಯಚೂರು, ಬಳ್ಳಾರಿ ಕಡೆ ಬಹಳ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಹೆಚ್ಚು ಮಡಚಿ ಹೆಚ್ಚು ಕಾಯುತ್ತದೆ, ಒಡೆಯುವುದು ಅದೇ. ಬೆಳಿಗ್ಗೆ ತಣ್ಣಗಿರುವಾಗ ಚಾಲಕನ ಬಾಗಿಲ ಕಂಬದ ಸ್ಟಿಕರಿನಲ್ಲಿರುವಷ್ಟೇ ಹಿಡಿಸಿ. ಓಡಿಸಿದ ಮೇಲೆ ನಾಲ್ಕು ಪಾಯಿಂಟ್ ಏರಿದ್ದರೆ ಅದು ಸಹಜ, ಗಾಳಿ ತೆಗೆಯಬೇಡಿ. ಕಾನೂನಿನ ಮಿತಿ 1.6 ಮಿ.ಮೀ. ಹಲ್ಲು. ನಮ್ಮ ಅಭಿಪ್ರಾಯ ಕೇಳಿದರೆ ಮುಂಗಾರಿಗೆ ಮೊದಲು 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಿಸಿ.

ಒಣ ರಸ್ತೆಯಲ್ಲಿ ಕ್ರೂಸ್ ಒಳ್ಳೆಯ ಸಾಧನವೇ. ನೀವು ಬೆಂಗಳೂರಿಗೆ ಹೋಗುವಾಗ ಹೊಸಪೇಟೆ ದಾಟಿ ಚಿತ್ರದುರ್ಗದವರೆಗಿನ 50ನೇ ಹೆದ್ದಾರಿಯ ನಾಲ್ಕು ಲೇನ್ ಇದಕ್ಕೆ ತಕ್ಕ ಜಾಗ; ಕುಷ್ಟಗಿ ಕಡೆಯದ್ದೂ ಸರಿ. 2018ರ ಕೇಂದ್ರದ ಅಧಿಸೂಚನೆಯಂತೆ ಕಾರಿಗೆ ನಾಲ್ಕು ಲೇನಿನಲ್ಲಿ ಗರಿಷ್ಠ 100, ಎರಡು ಲೇನಿನಲ್ಲಿ 70. ಬೋರ್ಡಿನಲ್ಲಿ ಕಡಿಮೆ ಇದ್ದರೆ ಬೋರ್ಡೇ ಅಂತಿಮ. 80–90ಕ್ಕೆ ಕೂರಿಸಿದರೆ ಡೀಸೆಲ್, ಪೆಟ್ರೋಲ್ ಎರಡೂ ಉಳಿಯುತ್ತವೆ. ಎರಡು ಲೇನಿನಲ್ಲಿ ಕ್ರೂಸ್ ಬೇಡವೇ ಬೇಡ ಎಂಬುದು ನಮ್ಮ ಸಲಹೆ: ಕುರಿಹಿಂಡು, ಲೈಟಿಲ್ಲದ ಟ್ರೇಲರ್, ತಿರುವಿನಾಚೆ ನಿಂತ ಟಂಟಂ, ಇವೆಲ್ಲ ಕಾಲು ಪೆಡಲ್ ಮೇಲಿರಬೇಕಾದ ರಸ್ತೆಗಳು. ನಾಲ್ಕು ಲೇನಿನಲ್ಲೂ ಮೀಡಿಯನ್ ಒಡೆದ ಹಳ್ಳಿಯ ಬಳಿ, ಎದುರಿನಿಂದ ರಾಂಗ್‌ಸೈಡಿನಲ್ಲಿ ಬೈಕು ಬರುವ ಪೆಟ್ರೋಲ್ ಬಂಕ್, ಡಾಬಾಗಳ ಬಳಿ ಬಿಡಿಸಿ. ಹುಲಿಗೆಮ್ಮನ ಜಾತ್ರೆ, ಗವಿಮಠದ ಜಾತ್ರೆ, ಅಂಜನಾದ್ರಿಗೆ ಮಾಲೆ ಹಾಕಿದವರು ನಡೆದು ಹೋಗುವ ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಮುನಿರಾಬಾದ್ ಸುತ್ತ ಕತ್ತಲಲ್ಲಿ ಕ್ರೂಸ್ ಬೇಡ.

ಬಳಸುವ ರೀತಿ ಸರಳ, ತಪ್ಪುವ ಜಾಗ ಮೂರ್ನಾಲ್ಕು ಇವೆ. ಬಹುತೇಕ ಗಾಡಿಗಳಲ್ಲಿ 30–40ರ ಮೇಲೆ ಮಾತ್ರ ಸೆಟ್ ಆಗುತ್ತದೆ. ಬೇಕಾದ ವೇಗಕ್ಕೆ ಏರಿಸಿ ‘ಸೆಟ್’ ಒತ್ತಿ ಕಾಲು ತೆಗೆಯಿರಿ. ಆ ಕಾಲು ಬ್ರೇಕಿನ ಹತ್ತಿರವೇ ಇರಲಿ, ಸೀಟಿನ ಮೇಲೆ ಮಡಚಿ ಕೂರುವುದಕ್ಕಲ್ಲ ಈ ಅನುಕೂಲ. ಓವರ್‌ಟೇಕಿಗೆ ಎಕ್ಸಲರೇಟರ್ ಒತ್ತಿದರೆ ಕ್ರೂಸ್ ರದ್ದಾಗುವುದಿಲ್ಲ. ಕಾಲು ಬಿಟ್ಟಾಗ ಹಳೆಯ ವೇಗಕ್ಕೆ ಬರುತ್ತದೆ. ಬ್ರೇಕ್ ಅಥವಾ ಕ್ಲಚ್ ಒತ್ತಿದರೆ ರದ್ದಾಗುತ್ತದೆ, ಆದರೆ ವೇಗ ನೆನಪಿನಲ್ಲಿ ಉಳಿಯುತ್ತದೆ. ಟೋಲ್ ದಾಟಿ 40ರಲ್ಲಿರುವಾಗ ‘ರೆಸ್ಯೂಮ್’ ಒತ್ತಿದರೆ 90ಕ್ಕೆ ಒಂದೇ ಉಸಿರಿಗೆ ಓಡುತ್ತದೆ. ಮುಂದೆ ಲಾರಿ ಇದ್ದರೆ ರೆಸ್ಯೂಮ್ ಬೇಡ, ವೇಗ ಹೊಂದಿಸಿಕೊಂಡು ಹೊಸದಾಗಿ ಸೆಟ್ ಮಾಡಿ. ಸಾದಾ ಕ್ರೂಸ್ ಬ್ರೇಕ್ ಹಾಕುವುದಿಲ್ಲ. ಇಳಿಜಾರಿನಲ್ಲಿ 80ಕ್ಕೆ ಕೂರಿಸಿದ ಗಾಡಿ 90 ದಾಟಿದರೆ ಅದು ಸುಮ್ಮನೆ ನೋಡುತ್ತಿರುತ್ತದೆ. ಒಂದು ಗೇರ್ ಇಳಿಸುವುದು ನಿಮ್ಮ ಕೆಲಸ. ಸಂಡೂರಿನ ಗುಡ್ಡದ ತಿರುವುಗಳಲ್ಲಂತೂ ಆಫ್. ಮುಂದಿನ ಗಾಡಿಗೆ ಎರಡು ಸೆಕೆಂಡಿನ ಅಂತರ ಕನಿಷ್ಠ; 90ರ ವೇಗಕ್ಕೆ 50 ಮೀಟರ್. ಒಂದು ಎಚ್ಚರಿಕೆ ಬಿಸಿಲಿನ ಬಗ್ಗೆ: ಊಟ ಮಾಡಿ ಮಧ್ಯಾಹ್ನ ಎರಡಕ್ಕೆ ಹೊರಟು, ಎಸಿ ಹಾಕಿ, ನೇರ ರಸ್ತೆಯಲ್ಲಿ ಕಾಲಿಗೂ ಕೆಲಸವಿಲ್ಲದಂತಾದರೆ ಕಣ್ಣು ಮುಚ್ಚುವುದು ಖಾತ್ರಿ. ಆ ಹೊತ್ತಿಗೆ ಕ್ರೂಸ್ ಬಿಟ್ಟು ಕಾಲಿನಿಂದಲೇ ಓಡಿಸಿ, ಎರಡು ತಾಸಿಗೊಮ್ಮೆ ಇಳಿಯಿರಿ.

ನಿಮ್ಮದು ಸಾದಾ ಕ್ರೂಸ್ ಎಂದು ತಿಳಿದು ಇಷ್ಟು ಹೇಳಿದ್ದು. ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುವ ಅಡಾಪ್ಟಿವ್ ಕ್ರೂಸ್ ಇದ್ದರೆ ಇನ್ನೂ ಒಂದು ಮಾತು. ಅದರ ಕಣ್ಣು ಗ್ರಿಲ್ ಅಥವಾ ಬಂಪರಿನ ರೇಡಾರ್ ಮತ್ತು ಗಾಜಿನ ಹಿಂದಿನ ಕ್ಯಾಮೆರಾ. ಚಲಿಸುವ ಕಾರು, ಲಾರಿಗಳನ್ನು ಚೆನ್ನಾಗಿ ಗುರುತಿಸುತ್ತದೆ. ಹೆದ್ದಾರಿಯ ವೇಗದಲ್ಲಿ ನಿಂತ ಗಾಡಿ, ಅಡ್ಡ ಬರುವ ಎಮ್ಮೆ, ಎತ್ತಿನ ಬಂಡಿ, ಹಿಂದೆ ಕಬ್ಬಿಣದ ಸರಳು ಚಾಚಿಕೊಂಡ ಟ್ರೇಲರ್ ಇವುಗಳ ಮಟ್ಟಿಗೆ ಅದನ್ನು ನಂಬಬೇಡಿ. ಆಯುಧಪೂಜೆಗೆ ಬಂಪರಿಗೆ ಕಟ್ಟಿದ ಬಾಳೆಕಂದು, ಅಮಾವಾಸ್ಯೆಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಗಾಜಿನ ನಡುವೆ ಮೇಲ್ಗಡೆ ಬಳಿದ ವಿಭೂತಿ ಸರಿಯಾಗಿ ಈ ಕಣ್ಣುಗಳ ಎದುರೇ ಬರುತ್ತವೆ. ಪೂಜೆ ಮಾಡಿ, ಜಾಗ ಸ್ವಲ್ಪ ಪಕ್ಕಕ್ಕೆ ಸರಿಸಿ. ಬುಲ್‌ಬಾರ್ ಹಾಕಿಸಿದರೂ ಇದೇ ತೊಂದರೆ, ಅದು ಕಾನೂನಿಗೂ ವಿರುದ್ಧ. ಅದಿರಿನ ಧೂಳು ಕೂತರೆ ‘ರೇಡಾರ್ ಮುಚ್ಚಿದೆ’ ಎಂಬ ಸಂದೇಶ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಕೊನೆಗೆ ದೀಪಗಳು. ಕೀ ಆನ್ ಮಾಡಿದಾಗ ಇಎಸ್‌ಸಿ, ಎಬಿಎಸ್ ದೀಪಗಳು ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಓಡುವಾಗ ಮಿಣುಕಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ, ನೀವು ನಿಧಾನಿಸಿ. ‘ಆಫ್’ ಎಂದು ಬರೆದದ್ದು ಒಂದೇ ಸಮ ಉರಿದರೆ ಯಾರೋ ಬಟನ್ ಒತ್ತಿದ್ದಾರೆ. ‘ಆಫ್’ ಇಲ್ಲದ ದೀಪ ಒಂದೇ ಸಮ ಉರಿದರೆ ದೋಷವಿದೆ. ಬ್ರೇಕ್ ಇರುತ್ತದೆ, ಜಾರಿದಾಗ ನೆರವು ಇರುವುದಿಲ್ಲ. ಜೊತೆಗೆ ಕೆಂಪು ಬ್ರೇಕ್ ದೀಪವೂ ಬಂದರೆ ನಿಲ್ಲಿಸಿ ಬ್ರೇಕ್ ಆಯಿಲ್ ನೋಡಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಇಎಸ್‌ಸಿ ದೀಪ ಬಂದಿದ್ದರೆ ಹಲವು ಗಾಡಿಗಳಲ್ಲಿ ಸ್ಟೀರಿಂಗನ್ನು ಎಡಬಲಕ್ಕೆ ಕೊನೆಯವರೆಗೆ ತಿರುಗಿಸಿ ಸ್ವಲ್ಪ ದೂರ ನೇರ ಓಡಿಸಿದರೆ ಆರುತ್ತದೆ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಬಂದಿದ್ದರೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರಿನ ಸೊನ್ನೆ ಬಿಂದುವನ್ನು ಸ್ಕ್ಯಾನರಿನಿಂದ ಹೊಂದಿಸಬೇಕು. ವೀಲ್ ಬೇರಿಂಗ್ ಬದಲಿಸಿದ ಮೇಲೆ ಬಂದಿದ್ದರೆ ಬೇರಿಂಗನ್ನು ತಿರುಗಮುರುಗ ಹಾಕಿರುವ ಸಾಧ್ಯತೆ ಬಹಳ. ಅದರ ಒಂದೇ ಬದಿಗೆ ಅಯಸ್ಕಾಂತದ ಪಟ್ಟಿ ಇರುತ್ತದೆ, ಅದು ಸೆನ್ಸರ್ ಕಡೆಗಿರಬೇಕು. ಒಂದು ಟೈರು ಹೊಸದು, ಪಕ್ಕದ್ದು ಪೂರಾ ಸವೆದದ್ದು ಎಂದಿದ್ದರೂ ಗಾಲಿಗಳ ವೇಗದ ಲೆಕ್ಕ ವ್ಯತ್ಯಾಸವಾಗುತ್ತದೆ. ಒಂದೇ ಆ್ಯಕ್ಸಲ್ಲಿಗೆ ಜೋಡಿಯಾಗಿ ಬದಲಿಸಿ. ಕ್ರೂಸ್ ಸೆಟ್ ಆಗುತ್ತಿಲ್ಲ, ಜೊತೆಗೆ ಇಎಸ್‌ಸಿ ದೀಪವೂ ಇದೆ ಎಂದರೆ ದುಬಾರಿ ಮಾಡ್ಯೂಲ್ ಬದಲಿಸಲು ಒಪ್ಪುವ ಮೊದಲು ಬ್ರೇಕ್ ಪೆಡಲಿನ ಸ್ವಿಚ್ ಪರೀಕ್ಷಿಸಲು ಹೇಳಿ. ಪೆಡಲ್ ಒತ್ತದಿದ್ದರೂ ಒತ್ತಿದೆ ಎಂದು ಆ ಸ್ವಿಚ್ ಹೇಳುತ್ತಿದ್ದರೆ ಎರಡೂ ತೊಂದರೆ ಒಟ್ಟಿಗೆ ಬರುತ್ತವೆ. ಸಂಜೆ ಗೋಡೆಯ ಮುಂದೆ ಗಾಡಿಯನ್ನು ಹಿಮ್ಮುಖವಾಗಿ ನಿಲ್ಲಿಸಿ ಬ್ರೇಕ್ ಲೈಟ್ ತಾನೇ ಉರಿಯುತ್ತಿದೆಯೇ, ಒತ್ತಿದಾಗ ಉರಿಯುತ್ತದೆಯೇ ಎಂದು ನೀವೇ ನೋಡಬಹುದು. ಮ್ಯಾನ್ಯುಯಲ್ ಗಾಡಿಯಾದ್ದರಿಂದ ಕ್ಲಚ್ ಸ್ವಿಚ್ಚನ್ನೂ ನೋಡಿಸಿ. ಎರಡೂ ಸ್ವಿಚ್ ಸರಿ ಇದ್ದರೆ ಬಾನೆಟ್ ಒಳಗೆ, ಗಾಲಿಗಳ ಹತ್ತಿರ ಇಲಿ ಕಡಿದ ವೈರ್ ಇದೆಯೇ ಹುಡುಕಲಿ. ಗೋದಾಮಿನ ಪಕ್ಕ, ಹುಲ್ಲಿನ ಬಣವೆ ಹತ್ತಿರ ನಿಲ್ಲಿಸುವ ಗಾಡಿಗಳಲ್ಲಿ ಇದು ಮಾಮೂಲು.